ಡಿಂಗೊ ಬೇಲಿಯ ಎರಡು ಬದಿ: ಬೇಟೆಗಾರನನ್ನು ಹೊರಗಿಟ್ಟ ನೆಲದಲ್ಲಿ ಏನೇನು ಬದಲಾಗುತ್ತದೆ

ಆಸ್ಟ್ರೇಲಿಯಾದ ಆಗ್ನೇಯ ಭಾಗವನ್ನು ಖಂಡದ ಉಳಿದ ಭಾಗದಿಂದ ಬೇರ್ಪಡಿಸುವ ತಂತಿಬೇಲಿಯ ಉದ್ದ 5,614 ಕಿಲೋಮೀಟರ್. ಕ್ವೀನ್ಸ್‌ಲ್ಯಾಂಡ್‌ನ ಡಾರ್ಲಿಂಗ್ ಡೌನ್ಸ್ ಪ್ರದೇಶದ ಜಿಂಬೂರ್ ಬಳಿ ಶುರುವಾಗುವ ಈ ಬೇಲಿ ಪಶ್ಚಿಮಕ್ಕೆ ಸಾಗಿ, ನ್ಯೂ ಸೌತ್ ವೇಲ್ಸ್ ಗಡಿ ಹಿಡಿದು, ಮೂರು ರಾಜ್ಯಗಳು ಕೂಡುವ ಕ್ಯಾಮರಾನ್ ಕಾರ್ನರ್ ತಲುಪುತ್ತದೆ. ಅಲ್ಲಿಂದ ಸೌತ್ ಆಸ್ಟ್ರೇಲಿಯಾವನ್ನು ಅಡ್ಡಹಾಯ್ದು ಗ್ರೇಟ್ ಆಸ್ಟ್ರೇಲಿಯನ್ ಬೈಟ್ ಕೊಲ್ಲಿಯ ಕಡಿದಾದ ಬಂಡೆಗಳ ಹತ್ತಿರ ಮುಗಿಯುತ್ತದೆ. ಒಂದು ಬದಿಯಲ್ಲಿ ಕುರಿ, ಇನ್ನೊಂದು ಬದಿಯಲ್ಲಿ ದನ ಮತ್ತು ಡಿಂಗೊ ಎಂಬ ನಾಯಿಜಾತಿಯ ಬೇಟೆಗಾರ ಪ್ರಾಣಿ. ಕುರಿ ಇರುವುದು ಒಳಬದಿ, ಡಿಂಗೊ ಇರುವುದು ಹೊರಬದಿ ಎಂಬುದು ಅಲ್ಲಿನ ರೂಢಿ. ಈ ಲೇಖನದಲ್ಲೂ ಅದೇ ಲೆಕ್ಕ.

ಕುರಿ ಉಳಿಸಲು ಹಾಕಿದ ಈ ಬೇಲಿ ಪರಿಸರ ವಿಜ್ಞಾನದ ಒಂದು ದೊಡ್ಡ ಪ್ರಯೋಗವಾಗಿಬಿಟ್ಟಿದೆ. ಅದನ್ನು ಪ್ರಯೋಗವೆಂದು ಯಾರೂ ಯೋಜಿಸಿರಲಿಲ್ಲ. ಒಂದು ಭೂಭಾಗದ ಅತಿ ದೊಡ್ಡ ಬೇಟೆಗಾರ ಪ್ರಾಣಿಯನ್ನು ತೆಗೆದುಹಾಕಿದರೆ ಅದರ ಕೆಳಗಿನ ಪ್ರಾಣಿ, ಹುಲ್ಲು, ಪೊದೆ, ಕೊನೆಗೆ ಮಣ್ಣು ಮತ್ತು ಮರಳಿಗೂ ಏನಾಗುತ್ತದೆ ಎಂದು ನೋಡಲು ಇಷ್ಟು ಉದ್ದದ ಗೆರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಆದರೆ ಈ ಗೆರೆಯನ್ನು ಓದುವುದರಲ್ಲಿ ಅವಸರವೂ ಕಾಣುತ್ತಿದೆ. ಡಿಂಗೊ ಬಂದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ, ಡಿಂಗೊಗೂ ಕಾಡಿನ ಆರೋಗ್ಯಕ್ಕೂ ಸಂಬಂಧವೇ ಇಲ್ಲ ಎನ್ನುವವರೂ ಇದ್ದಾರೆ. ಇರುವ ಪುರಾವೆ ಇವರಿಬ್ಬರಲ್ಲಿ ಯಾರಿಗೂ ಪೂರ್ತಿ ಒಗ್ಗುವುದಿಲ್ಲ.

ಬೇಲಿ ಹೇಗಿದೆ, ಎಲ್ಲಿ ಸೋಲುತ್ತದೆ

1880ರ ದಶಕದಲ್ಲಿ ಮೊಲಗಳನ್ನು ತಡೆಯಲು ತುಂಡುತುಂಡಾಗಿ ಬೇಲಿ ಹಾಕಲಾಯಿತು. ಮೊಲ ನಿಲ್ಲಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದೇ ಬೇಲಿಗಳನ್ನು ಎತ್ತರಿಸಿ ಡಿಂಗೊ ತಡೆಗೆ ಬಳಸತೊಡಗಿದರು. ಸೌತ್ ಆಸ್ಟ್ರೇಲಿಯಾ 1946ರಲ್ಲಿ ಇದಕ್ಕೆಂದೇ ಕಾನೂನು ಮಾಡಿ, ಬಿಡಿ ಬೇಲಿಗಳನ್ನು ಒಂದೇ ಸಾಲಾಗಿ ಜೋಡಿಸಿ, ನಿರ್ವಹಣೆಗೆ ಮಂಡಳಿ ರಚಿಸಿತು. 1980ರವರೆಗೆ ಇಡೀ ಬೇಲಿಯ ಉದ್ದ 8,614 ಕಿಲೋಮೀಟರ್ ಇತ್ತು. ಆಮೇಲೆ ಕ್ವೀನ್ಸ್‌ಲ್ಯಾಂಡ್‌ನ ಭಾಗ ಮೊಟಕಾಗಿ ಈಗಿನ ಉದ್ದಕ್ಕೆ ಬಂತು.

ಬಹುಪಾಲು ಕಡೆ ಜಾಲರಿಯ ಎತ್ತರ 180 ಸೆಂಟಿಮೀಟರ್. ಅಗೆದು ನುಸುಳದಂತೆ ಸುಮಾರು 30 ಸೆಂಟಿಮೀಟರ್ ಜಾಲರಿ ನೆಲದೊಳಗಿರುತ್ತದೆ. ಎರಡೂ ಕಡೆ ಐದೈದು ಮೀಟರ್ ಅಗಲ ಗಿಡಗಂಟಿ ಸವರಿ ತೆರವು ಮಾಡುತ್ತಾರೆ. ಪಹರೆಯ ವಾಹನ ಓಡಾಡಲು, ಬೆಂಕಿ ತಗಲದಿರಲು, ಹೆಜ್ಜೆಗುರುತು ಕಾಣಲು ಈ ಪಟ್ಟಿ ಬೇಕು. ಸೌತ್ ಆಸ್ಟ್ರೇಲಿಯಾದ ಕೆಲವು ಕಡೆ ವಿದ್ಯುತ್ ತಂತಿಯೂ ಇದೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇಬ್ಬಿಬ್ಬರ ತಂಡಗಳು ತಲಾ 300 ಕಿಲೋಮೀಟರಿನಷ್ಟು ಭಾಗವನ್ನು ವಾರಕ್ಕೊಮ್ಮೆ ಸುತ್ತಿ ಬರುತ್ತವೆ.

ಈ ಬೇಲಿಯನ್ನು ಡಿಂಗೊ ಹಾರಿ ದಾಟುವುದು ಕಡಿಮೆ. ಬೇಲಿಯನ್ನು ಮುರಿಯುವುದು ಬಹುಪಾಲು ಬೇರೆ ಪ್ರಾಣಿ ಮತ್ತು ಹವಾಮಾನ. ಒಂಟೆಗಳು ತಂತಿಯನ್ನು ತಳ್ಳಿ ಮಲಗಿಸುತ್ತವೆ. ಕಾಂಗರೂ ಮತ್ತು ಎಮು ಓಡಿಬಂದು ಗುದ್ದುತ್ತವೆ. ದಕ್ಷಿಣದಲ್ಲಿ ವೊಂಬ್ಯಾಟ್ ಎಂಬ ಬಿಲವಾಸಿ ಪ್ರಾಣಿಗಳು ತಳದಲ್ಲಿ ಬಿಲ ತೋಡುತ್ತವೆ, ಆ ಬಿಲ ಡಿಂಗೊಗೆ ಸಿದ್ಧ ದಾರಿ. ಹೀಗಾಗಿ ಕೆಲವೆಡೆ ವೊಂಬ್ಯಾಟ್ ತಳ್ಳಿಕೊಂಡು ಹೋಗಬಲ್ಲ, ತಾನಾಗಿ ಮುಚ್ಚಿಕೊಳ್ಳುವ ಭಾರದ ಸಣ್ಣ ಬಾಗಿಲುಗಳನ್ನು ಇಡುತ್ತಾರೆ. ತೊರೆ ದಾಟುವಲ್ಲಿ ಪ್ರವಾಹದ ಕಸ ಜಾಲರಿಗೆ ಸಿಕ್ಕಿ, ನೀರಿನ ಒತ್ತಡಕ್ಕೆ ಕಂಬಸಮೇತ ಬೇಲಿ ಕೊಚ್ಚಿಹೋಗುತ್ತದೆ. ಅಂಥ ಕಡೆ ಬುಡ ಸಡಿಲವಾಗಿ ತೇಲುವಂತೆ ಜಾಲರಿ ತೂಗುಹಾಕುವುದು ವಾಡಿಕೆ. ಉಪ್ಪು ಮಣ್ಣಿನಲ್ಲಿ ನೆಲದೊಳಗಿನ ಜಾಲರಿ ತುಕ್ಕು ಹಿಡಿದು ಪುಡಿಯಾದರೂ ಮೇಲಿನಿಂದ ನೋಡುವವರಿಗೆ ಬೇಲಿ ಗಟ್ಟಿಯಾಗಿಯೇ ಕಾಣುತ್ತದೆ. ಮರುಭೂಮಿಯಲ್ಲಿ ಗಾಳಿ ತಂದ ಮರಳು ಜಾಲರಿಗೆ ಒರಗಿ ದಿಬ್ಬವಾಗುತ್ತದೆ, ಕೊನೆಗೆ ಬೇಲಿಯ ತಲೆ ಮಟ್ಟಕ್ಕೆ ಬಂದಾಗ ನಾಯಿ ನಡೆದುಕೊಂಡೇ ದಾಟುತ್ತದೆ. ಹಳೆಯ ಬೇಲಿ ಹೂತುಹೋದ ಜಾಗದಲ್ಲಿ ಅದರ ಮೇಲೆಯೇ ಹೊಸದನ್ನು ನಿಲ್ಲಿಸಿದ ಭಾಗಗಳಿವೆ.

ಸೌತ್ ಆಸ್ಟ್ರೇಲಿಯಾ 2020ರಲ್ಲಿ ತನ್ನ ಪಾಲಿನ ಸುಮಾರು 2,150 ಕಿಲೋಮೀಟರ್ ಬೇಲಿಯಲ್ಲಿ 1,600 ಕಿಲೋಮೀಟರನ್ನು ಹೊಸದಾಗಿ ಕಟ್ಟುವ ಕೆಲಸ ಶುರುಮಾಡಿತು. ಅಂದಾಜು ವೆಚ್ಚ 2.5 ಕೋಟಿ ಆಸ್ಟ್ರೇಲಿಯನ್ ಡಾಲರ್, ಅದನ್ನು ರಾಜ್ಯ, ಕೇಂದ್ರ ಸರ್ಕಾರ ಮತ್ತು ಸಾಕಣೆ ಉದ್ಯಮ ಹಂಚಿಕೊಂಡವು. ಬದಲಿಸಿದ ಕೆಲವು ಭಾಗಗಳಿಗೆ ನೂರು ವರ್ಷ ಮೀರಿತ್ತು. ಇಷ್ಟು ಹಣ ಹಾಕಿ ಕಟ್ಟಿದ ಬೇಲಿಯನ್ನು ಇನ್ನು ಹತ್ತಾರು ವರ್ಷ ಯಾರೂ ಅಲುಗಿಸುವುದಿಲ್ಲ. ಬೇಲಿಯ ಪರಿಣಾಮಗಳ ಚರ್ಚೆ ಈಗ ಬಿಸಿಯಾಗಿರುವುದಕ್ಕೆ ಇದೂ ಒಂದು ಕಾರಣ.

ಕಾಂಗರೂ ಮತ್ತು ಹುಲ್ಲು: ಅತಿ ಗಟ್ಟಿ ಪುರಾವೆ

ಗ್ರೇಮ್ ಕಾಲಿ ಮತ್ತು ಸಂಗಡಿಗರು ಬೇಲಿಯ ಎರಡೂ ಬದಿ ವಿಮಾನದಿಂದ ಪ್ರಾಣಿಗಳನ್ನು ಎಣಿಸಿ 1980ರಲ್ಲಿ ವರದಿ ಪ್ರಕಟಿಸಿದರು. ನ್ಯೂ ಸೌತ್ ವೇಲ್ಸ್‌ನ ವಾಯವ್ಯ ಮೂಲೆಯಲ್ಲಿ, ಡಿಂಗೊ ಇಲ್ಲದ ಬದಿಯಲ್ಲಿ ಕೆಂಪು ಕಾಂಗರೂಗಳ ಸಾಂದ್ರತೆ ಬೇಲಿಯಾಚೆಗಿಂತ ಒಂದು ಕಡೆ 166 ಪಟ್ಟು ಹೆಚ್ಚಿತ್ತು. ಎಮುಗಳದ್ದು 20 ಪಟ್ಟಿಗೂ ಮೇಲೆ. ಇಷ್ಟು ದೊಡ್ಡ ಅಂತರವನ್ನು ಮಳೆ ಅಥವಾ ಮಣ್ಣಿನ ವ್ಯತ್ಯಾಸದಿಂದ ಮಾತ್ರ ವಿವರಿಸುವುದು ಕಷ್ಟ. ಗೆರೆಯ ಈಚೆಗೊಂದು, ಆಚೆಗೊಂದು ಎಂಬಂತೆ ಸಂಖ್ಯೆ ಥಟ್ಟನೆ ಬದಲಾಗುತ್ತದೆ, ಮಳೆಯಾದರೋ ಹಾಗೆ ಗೆರೆ ನೋಡಿ ಬೀಳುವುದಿಲ್ಲ.

ಡಿಂಗೊ ಸುಮಾರು 15ರಿಂದ 20 ಕಿಲೋ ತೂಗುವ ಪ್ರಾಣಿ. ಬಲಿತ ಗಂಡು ಕೆಂಪು ಕಾಂಗರೂ 80 ಕಿಲೋ ಮೀರುತ್ತದೆ. ಒಂಟಿ ಡಿಂಗೊ ಅಂಥ ಗಂಡಿನ ಗೊಡವೆಗೆ ಹೋಗುವುದಿಲ್ಲ. ಹೊಡೆತ ಬೀಳುವುದು ಮರಿಗಳಿಗೆ, ಹೆಣ್ಣುಗಳಿಗೆ. ಅದಕ್ಕಿಂತ ಮುಖ್ಯವಾದ ಸಂಗತಿ ಬರದ ಕಾಲದ್ದು. ಬರದಲ್ಲಿ ಕಾಂಗರೂಗಳು ನೀರಿರುವ ಕಡೆ ಗುಂಪಾಗುತ್ತವೆ, ಡಿಂಗೊಗಳೂ ಅಲ್ಲೇ ಬೀಡುಬಿಡುತ್ತವೆ. ಸಂಖ್ಯೆ ಒಮ್ಮೆ ತಳ ಮುಟ್ಟಿದರೆ, ಮಳೆ ಬಂದ ಮೇಲೂ ಡಿಂಗೊಗಳ ಒತ್ತಡದಿಂದ ಅದು ಬೇಗ ಮೇಲೇಳುವುದಿಲ್ಲ. ಒಳಬದಿಯಲ್ಲಿ ಈ ಕಡಿವಾಣ ಇಲ್ಲ. ಒಳ್ಳೆ ಮಳೆಯ ವರ್ಷಗಳಲ್ಲಿ ಕಾಂಗರೂ ಏರುತ್ತಲೇ ಹೋಗಿ, ಬರ ಬಂದಾಗ ಹುಲ್ಲು ಮುಗಿದ ಮೇಲೆ ಸಾಮೂಹಿಕವಾಗಿ ಹಸಿವಿನಿಂದ ಸಾಯುತ್ತವೆ. ಸಾಯುವ ಮುನ್ನ ಬುಡದ ತನಕ ಮೇಯ್ದಿರುತ್ತವೆ.

ಹುಲ್ಲಿನ ಮೇಲೆ ಆಗುವ ಪರಿಣಾಮವನ್ನು ನೋಡಲು ಸಂಶೋಧಕರು ಎರಡು ದಾರಿ ಹಿಡಿದರು. ಮೊದಲನೆಯದು ಕಾಂಗರೂ ಒಳಬರದಂತೆ ಸಣ್ಣ ಸಣ್ಣ ಜಾಗಗಳಿಗೆ ಬೇಲಿ ಹಾಕಿ, ಪಕ್ಕದ ತೆರೆದ ಜಾಗದೊಂದಿಗೆ ಹೋಲಿಸುವುದು. ಡಿಂಗೊ ಇರುವ ಕಡೆ ಆ ಸಣ್ಣ ಬೇಲಿಯ ಒಳಗೂ ಹೊರಗೂ ಹುಲ್ಲಿನಲ್ಲಿ ಹೆಚ್ಚು ವ್ಯತ್ಯಾಸ ಇರಬಾರದು, ಏಕೆಂದರೆ ಅಲ್ಲಿ ಮೇಯುವ ಕಾಂಗರೂ ಮೊದಲೇ ಕಡಿಮೆ. ಡಿಂಗೊ ಇಲ್ಲದ ಕಡೆ ವ್ಯತ್ಯಾಸ ಎದ್ದು ಕಾಣಬೇಕು. ಟಿಮ್ ಮಾರಿಸ್ ಮತ್ತು ಮೈಕ್ ಲೆಟ್ನಿಕ್ 2017ರಲ್ಲಿ ಪ್ರಕಟಿಸಿದ ಕೆಲಸ ಇದೇ ದಿಕ್ಕಿನಲ್ಲಿ ಸಾಗಿ, ಪರಿಣಾಮಗಳ ಸರಣಿಯನ್ನು ಮಣ್ಣಿನ ಪೋಷಕಾಂಶಗಳವರೆಗೆ ಎಳೆದು ತೋರಿಸಿತು: ಡಿಂಗೊ ಅಪರೂಪವಾದ ಕಡೆ ಕಾಂಗರೂ ಹೆಚ್ಚು, ಹುಲ್ಲಿನ ಹೊದಿಕೆ ಕಡಿಮೆ, ಮಣ್ಣಿನಲ್ಲಿ ಪೋಷಕಾಂಶವೂ ಕಡಿಮೆ. ಹುಲ್ಲಿನ ಹೊದಿಕೆ ಹೋದ ನೆಲದ ಮೇಲ್ಪದರವನ್ನು ಗಾಳಿ ಹೊತ್ತೊಯ್ಯುತ್ತದೆ, ಪೋಷಕಾಂಶ ಇರುವುದೇ ಆ ಪದರದಲ್ಲಿ.

ಎರಡನೆಯ ದಾರಿ ಉಪಗ್ರಹ. ಏಡ್ರಿಯನ್ ಫಿಶರ್ ಮತ್ತು ಸಂಗಡಿಗರು 32 ವರ್ಷಗಳ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಕಲೆಹಾಕಿ 2021ರಲ್ಲಿ ಪ್ರಕಟಿಸಿದರು. ಮಳೆಯ ನಂತರ ಹಸಿರು ಏರುವ ಬಗೆ ಎರಡು ಬದಿಯಲ್ಲಿ ಬೇರೆಯಾಗಿತ್ತು. ಡಿಂಗೊ ಇರುವ ಬದಿಯಲ್ಲಿ ಹೊದಿಕೆ ಚೆನ್ನಾಗಿ ಏರಿತು, ಒಳಬದಿಯಲ್ಲಿ ಅಷ್ಟು ಏರಲಿಲ್ಲ. ಇದರ ಬೆಲೆ ಅದರ ಕಾಲಾವಧಿಯಲ್ಲಿದೆ. ಒಂದೆರಡು ವರ್ಷದ ನೆಲಮಟ್ಟದ ಅಧ್ಯಯನ ಬರದ ವರ್ಷಕ್ಕೆ ಸಿಕ್ಕಿಬಿದ್ದರೆ ಒಂದು ಉತ್ತರ, ಮಳೆಯ ವರ್ಷಕ್ಕೆ ಸಿಕ್ಕರೆ ಇನ್ನೊಂದು ಉತ್ತರ ಕೊಡುತ್ತದೆ. ಮೂರು ದಶಕದಲ್ಲಿ ಬರ, ಮಳೆ ಎರಡೂ ಹಲವು ಸಲ ಬಂದುಹೋಗಿರುತ್ತವೆ.

ನರಿ, ಇಲಿ, ಪೊದೆ, ಮರಳು

ಎರಡನೆಯ ಸರಣಿ ಇದಕ್ಕಿಂತ ತೊಡಕಿನದು, ಕುತೂಹಲದ್ದೂ ಹೌದು. ಮೊದಲ ಸರಣಿಯ ಪ್ರಕಾರ ಡಿಂಗೊ ಇಲ್ಲದ ಕಡೆ ಗಿಡ ಕಡಿಮೆಯಾಗಬೇಕು. ಆದರೆ ಸ್ಟ್ರೆಜೆಲೆಕಿ ಮರುಭೂಮಿಯ ಒಳಬದಿಯಲ್ಲಿ ಹುಲ್ಲು ಕಡಿಮೆ, ಪೊದೆ ಹೆಚ್ಚು.

ವಿವರಣೆ ನಡುಗಾತ್ರದ ಬೇಟೆಗಾರರಲ್ಲಿದೆ. ಯುರೋಪಿನಿಂದ ತಂದ ಕೆಂಪು ನರಿ ಮತ್ತು ಕಾಡು ಸೇರಿದ ಸಾಕುಬೆಕ್ಕು ಆಸ್ಟ್ರೇಲಿಯಾದ ಸಣ್ಣ ಸಸ್ತನಿಗಳ ಪಾಲಿಗೆ ದೊಡ್ಡ ಕಂಟಕ. 1788ರಿಂದ ಈಚೆಗೆ ಆ ಖಂಡ ಮೂವತ್ತಕ್ಕೂ ಹೆಚ್ಚು ಸಸ್ತನಿ ಪ್ರಭೇದಗಳನ್ನು ಕಳೆದುಕೊಂಡಿದೆ. ಅಳಿದವುಗಳಲ್ಲಿ ಹೆಚ್ಚಿನವು 35 ಗ್ರಾಂನಿಂದ 5.5 ಕಿಲೋವರೆಗಿನ ತೂಕದವು, ಅಂದರೆ ನರಿ ಮತ್ತು ಬೆಕ್ಕಿನ ಬಾಯಿಗೆ ಸರಿಯಾಗಿ ಸಿಗುವ ಗಾತ್ರದವು. ಡಿಂಗೊ ನರಿಯನ್ನು ಕೊಲ್ಲುತ್ತದೆ, ಕೊಲ್ಲದಿದ್ದರೂ ಅಟ್ಟುತ್ತದೆ. ಡಿಂಗೊ ಇರುವ ಕಡೆ ನರಿ ಕಡಿಮೆ ಎಂಬುದು ಹಲವು ಪ್ರದೇಶಗಳಲ್ಲಿ ಮರುಮರಳಿ ಕಂಡ ಸಂಗತಿ. ಬೆಕ್ಕಿನ ವಿಚಾರದಲ್ಲಿ ಮಾತ್ರ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಬೆಕ್ಕು ಮರ ಹತ್ತುತ್ತದೆ, ಬಿಲ ಸೇರುತ್ತದೆ, ಹೊತ್ತು ಬದಲಿಸಿ ಓಡಾಡುತ್ತದೆ. ಡಿಂಗೊ ತಂದರೆ ಬೆಕ್ಕಿನ ಕಾಟ ತಪ್ಪುತ್ತದೆ ಎಂದು ಭರವಸೆ ಕೊಡುವವರ ಮಾತನ್ನು ಅರ್ಧಕ್ಕೆ ನಂಬುವುದೇ ಒಳ್ಳೆಯದು.

ನರಿ ಕಡಿಮೆಯಾದಾಗ ಲಾಭ ಪಡೆಯುವ ಪ್ರಾಣಿಗಳಲ್ಲಿ ಒಂದು, ಮಬ್ಬು ಬಣ್ಣದ ಕುಪ್ಪಳಿಸುವ ಇಲಿ. ತೂಕ ಸುಮಾರು 35 ಗ್ರಾಂ, ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿ ಸೇರಿದೆ. ಬೇಲಿಯಾಚೆ, ಡಿಂಗೊ ಇರುವ ಬದಿಯಲ್ಲಿ ಇದು ಹೆಚ್ಚು, ಒಳಬದಿಯಲ್ಲಿ ವಿರಳ. ಈ ಇಲಿ ಪೊದೆಗಿಡಗಳ ಬೀಜ ತಿನ್ನುತ್ತದೆ. ಇಲಿ ಇಲ್ಲವಾದರೆ ಬೀಜ ಉಳಿಯುತ್ತದೆ, ಮಳೆ ಬಂದಾಗ ಸಸಿಯಾಗುತ್ತದೆ. ಕಾಂಗರೂ ಮೇಯ್ದು ಹುಲ್ಲು ತೆಳುವಾಗಿರುವುದರಿಂದ ಆ ಸಸಿಗೆ ನೀರಿಗಾಗಿ ಪೈಪೋಟಿ ಇಲ್ಲ, ಹುಲ್ಲಿಲ್ಲದ ಕಾರಣ ಸಸಿ ಸುಡುವ ಬೆಂಕಿಯೂ ಹಬ್ಬುವುದಿಲ್ಲ. ಹೀಗೆ ಎರಡು ಸರಣಿ ಒಂದೇ ಕಡೆ ಬಂದು ಸೇರಿ ಪೊದೆಗೆ ಅನುಕೂಲ ಮಾಡಿಕೊಡುತ್ತವೆ. ಕ್ರಿಸ್ಟೋಫರ್ ಗಾರ್ಡನ್ ಮತ್ತು ಸಂಗಡಿಗರು 2017ರಲ್ಲಿ ಪೊದೆ ಹಬ್ಬುವುದನ್ನು ಅಗ್ರ ಬೇಟೆಗಾರನ ಅಳಿವಿಗೆ ಜೋಡಿಸಿದ್ದು ಈ ತರ್ಕದಿಂದ.

ಅಲ್ಲಿಗೆ ನಿಲ್ಲದೆ, 2018ರಲ್ಲಿ ಮಿಚೆಲ್ ಲಯನ್ಸ್ ಮತ್ತು ಸಂಗಡಿಗರು ಡ್ರೋನ್ ಹಾರಿಸಿ ಮರಳುದಿಬ್ಬಗಳ ಮೂರು ಆಯಾಮದ ನಕ್ಷೆ ತೆಗೆದರು. ಪೊದೆ ಹೆಚ್ಚಿದ ಒಳಬದಿಯಲ್ಲಿ ದಿಬ್ಬಗಳು ಹೆಚ್ಚು ಎತ್ತರ, ಆಕಾರವೂ ಬೇರೆ. ಪೊದೆ ಗಾಳಿಯ ವೇಗ ತಗ್ಗಿಸುತ್ತದೆ, ಮರಳನ್ನು ಹಿಡಿದಿಡುತ್ತದೆ. ಒಂದು ನಾಯಿ ಇಲ್ಲವಾದರೆ ದಿಬ್ಬದ ಎತ್ತರ ಬದಲಾಗುತ್ತದೆ ಎಂಬ ಈ ಮಾತು ಸುದ್ದಿಮನೆಗಳಿಗೆ ತುಂಬ ಹಿಡಿಸಿತು. ಕೆಲಸ ಅಚ್ಚುಕಟ್ಟಾದದ್ದು. ಆದರೆ ಅದು ಒಂದೇ ಮರುಭೂಮಿಯ ಒಂದು ತುಂಡಿನ ಮೇಲೆ ನಿಂತಿದೆ, ಸರಣಿಯ ಕೊಂಡಿ ಹೆಚ್ಚಾದಷ್ಟೂ ನಡುವೆ ಬೇರೆ ಕಾರಣ ಹೊಕ್ಕಿರುವ ಸಾಧ್ಯತೆಯೂ ಹೆಚ್ಚು. ಕಾಂಗರೂ ಲೆಕ್ಕದಷ್ಟೇ ತೂಕವನ್ನು ದಿಬ್ಬದ ಲೆಕ್ಕಕ್ಕೂ ಕೊಡುವುದು ಸರಿಯಲ್ಲ.

ಬೇಲಿ ಸರಿಯಾದ ಪ್ರಯೋಗವೇ?

ಅನುಮಾನಪಡುವವರ ವಾದದಲ್ಲಿ ಹುರುಳಿದೆ. ಬೇಲಿಯ ಎರಡು ಬದಿಯಲ್ಲಿ ಬದಲಾಗಿರುವುದು ಡಿಂಗೊ ಮಾತ್ರವಲ್ಲ. ಕುರಿ ಇರುವಲ್ಲಿ ಕೊಳವೆಬಾವಿ ಮತ್ತು ತೊಟ್ಟಿಗಳು ಒತ್ತೊತ್ತಾಗಿ ಇರುತ್ತವೆ, ಕಾಂಗರೂಗೂ ಅವೇ ನೀರು. ಕುರಿ ಮತ್ತು ದನ ಮೇಯುವ ರೀತಿ ಬೇರೆ. ನರಿಗೆ, ನಾಯಿಗೆ ವಿಷ ಹಾಕುವ ಪ್ರಮಾಣ ಬೇರೆ. ಕೆಲವು ಕಡೆ ಬೇಲಿ ಮಣ್ಣಿನ ಬಗೆ ಬದಲಾಗುವ ಗೆರೆಯ ಮೇಲೆಯೇ ಸಾಗುತ್ತದೆ. ಅಲನ್ ನ್ಯೂಸಮ್ ಮತ್ತು ಸಂಗಡಿಗರು 2001ರಲ್ಲಿಯೇ ಎರಡು ಬದಿಯ ಭೂರಚನೆಯ ವ್ಯತ್ಯಾಸವನ್ನು ಮರೆಯಬೇಡಿ ಎಂದು ಎಚ್ಚರಿಸಿದ್ದರು. ಬೆಂಜಮಿನ್ ಅಲನ್, ಪೀಟರ್ ಫ್ಲೆಮಿಂಗ್ ಮೊದಲಾದವರು ದನದ ಸೀಮೆಯಲ್ಲಿ ವಿಷ ಹಾಕಿದ ಮತ್ತು ಹಾಕದ ಜಾಗಗಳನ್ನು ಹೋಲಿಸಿ, ಡಿಂಗೊ ನಿಯಂತ್ರಣದಿಂದ ನರಿ ಮತ್ತು ಬೆಕ್ಕು ಏರಲಿಲ್ಲ ಎಂದು ವರದಿ ಮಾಡಿದ್ದಾರೆ.

ಈ ಜಗಳದ ಅರ್ಧ ಭಾಗ ಎಣಿಸುವ ವಿಧಾನದ್ದು. ನರಿ, ಬೆಕ್ಕು, ಡಿಂಗೊಗಳನ್ನು ಸಾಮಾನ್ಯವಾಗಿ ಮಣ್ಣುರಸ್ತೆಗೆ ಅಡ್ಡಲಾಗಿ ನುಣುಪು ಮರಳಿನ ಪಟ್ಟಿ ಹಾಕಿ, ರಾತ್ರಿ ಬಿದ್ದ ಹೆಜ್ಜೆಯನ್ನು ಬೆಳಗ್ಗೆ ಎಣಿಸಿ ಅಂದಾಜು ಮಾಡುತ್ತಾರೆ. ಡಿಂಗೊಗಳಿಗೆ ರಸ್ತೆ ಇಷ್ಟ. ಡಿಂಗೊ ಇದ್ದ ಕಡೆ ನರಿ ರಸ್ತೆ ಬಿಟ್ಟು ಪೊದೆಯಲ್ಲಿ ನಡೆದರೆ, ನರಿ ಕಡಿಮೆಯಾದಂತೆ ಕಾಣುತ್ತದೆ, ಸಂಖ್ಯೆ ಅಷ್ಟೇ ಇದ್ದರೂ. ಉಲ್ಟಾ ತಪ್ಪೂ ಆಗುತ್ತದೆ: ವಿಷ ಹಾಕಿದ ಮೇಲೆ ಡಿಂಗೊ ಹೆಜ್ಜೆ ಎಷ್ಟೋ ಕಡೆ ಕೆಲವೇ ತಿಂಗಳಲ್ಲಿ ಮೊದಲಿನಷ್ಟಾಗುತ್ತದೆ, ಏಕೆಂದರೆ ಖಾಲಿಯಾದ ಜಾಗಕ್ಕೆ ಹೊರಗಿನ ಎಳೆಯ ನಾಯಿಗಳು ನುಗ್ಗುತ್ತವೆ. ಅಂಥ ಕಡೆ ಡಿಂಗೊ ತೆಗೆದೆವು, ನರಿ ಹೆಚ್ಚಲಿಲ್ಲ ಎನ್ನುವುದರ ಅರ್ಥ ಡಿಂಗೊ ನಿಜಕ್ಕೂ ಹೋಗಿರಲಿಲ್ಲ ಎಂದೂ ಇರಬಹುದು. ವಿಷದ ಮಾಂಸದ ತುಂಡಿನಲ್ಲಿ ಡಿಂಗೊಗೆಂದು ‘1080’ ಎಂಬ ವಿಷ ಸುಮಾರು 6 ಮಿಲಿಗ್ರಾಂ ಇರುತ್ತದೆ, ನರಿಗೆಂದು ಸುಮಾರು 3. ಡಿಂಗೊಗೆ ಇಟ್ಟದ್ದನ್ನು ನರಿ ತಿಂದರೆ ಅದೂ ಸಾಯುತ್ತದೆ. ಎರಡನ್ನೂ ಕೊಲ್ಲುವ ಉಪಾಯದಿಂದ ಒಂದರ ಮೇಲೆ ಇನ್ನೊಂದರ ಪ್ರಭಾವ ಅಳೆಯಲು ಹೊರಟರೆ ಗೊಂದಲ ಖಚಿತ. ಬೇಲಿಯ ಹೋಲಿಕೆಗೆ ಕೊರತೆ ಇದ್ದರೂ ಒಂದು ಗುಣವಿದೆ: ಅಲ್ಲಿ ಡಿಂಗೊ ದಶಕಗಳಿಂದ ನಿಜಕ್ಕೂ ಇಲ್ಲ.

ಹೊಸದಾಗಿ ಅಳೆಯುವವರು ಏನು ಮಾಡಬೇಕು ಎಂಬುದು ಇದರಿಂದಲೇ ಹೊರಡುತ್ತದೆ. ಎರಡೂ ಬದಿಯಲ್ಲಿ ಒಂದೇ ಬಗೆಯ ದಿಬ್ಬ, ಒಂದೇ ಬಗೆಯ ಮಣ್ಣು, ನೀರಿನ ತೊಟ್ಟಿಯಿಂದ ಒಂದೇ ದೂರ ಇರುವ ಜಾಗಗಳನ್ನು ಜೋಡಿಯಾಗಿ ಆರಿಸಬೇಕು. ಬೇಲಿಗೆ ತೀರಾ ಅಂಟಿಕೊಂಡ ಜಾಗ ಬೇಡ. ಬರದಲ್ಲಿ ಮೇವು ಹುಡುಕಿ ಬಂದ ಕಾಂಗರೂ, ಎಮು ಬೇಲಿಗೆ ತಡೆದು ಅಲ್ಲೇ ಗುಂಪಾಗುವುದರಿಂದ ಆ ಪಟ್ಟಿಯ ಹುಲ್ಲು ಇಡೀ ಪ್ರದೇಶದ ಕಥೆ ಹೇಳುವುದಿಲ್ಲ. ಪ್ರತಿ ಜಾಗದಲ್ಲೂ ಮೂರು ತುಂಡು ನೆಲ ಬೇಕು: ಪೂರ್ತಿ ತೆರೆದದ್ದು, ಕಾಂಗರೂ ಮಾತ್ರ ಬಾರದಂತೆ ತಡೆದು ಮೊಲ ನುಸುಳುವಷ್ಟು ತಳ ಬಿಟ್ಟದ್ದು, ಎರಡೂ ಬಾರದಂತೆ ಕಟ್ಟಿದ್ದು. ಎರಡನೆಯದು ಇಲ್ಲದಿದ್ದರೆ ಮೊಲ ಮಾಡಿದ ಹಾನಿಯೂ ಕಾಂಗರೂ ಲೆಕ್ಕಕ್ಕೆ ಸೇರುತ್ತದೆ. ಕಾಂಗರೂವನ್ನು ಹಿಕ್ಕೆ ಎಣಿಸಿ ಅಂದಾಜು ಮಾಡುವುದಾದರೆ ಮೊದಲು ಹಳೆಯ ಹಿಕ್ಕೆ ಗುಡಿಸಿ, ಆಮೇಲೆ ಬಿದ್ದದ್ದನ್ನು ಮಾತ್ರ ಎಣಿಸಬೇಕು. ಒಣ ಹವೆಯಲ್ಲಿ ಹಳೆಯ ಹಿಕ್ಕೆ ಬಹುಕಾಲ ಕರಗದೆ ಉಳಿದಿರುತ್ತದೆ. ನರಿ ಮತ್ತು ಬೆಕ್ಕಿಗೆ ರಸ್ತೆಯ ಮೇಲೆ ಅರ್ಧ ಕ್ಯಾಮೆರಾ, ರಸ್ತೆಯಿಂದ ದೂರ ಅರ್ಧ ಕ್ಯಾಮೆರಾ. ಮಳೆ ಬಂದ ಕೂಡಲೇ ಇಲಿ ಏರುವುದಿಲ್ಲ, ಮಳೆಯಿಂದ ಬೀಜ, ಬೀಜದಿಂದ ಇಲಿ, ಇಲಿಯಿಂದ ನರಿ ಎಂದು ತಿಂಗಳುಗಟ್ಟಲೆ ತಡವಾಗುತ್ತದೆ. ಈ ತಡ ಲೆಕ್ಕಕ್ಕೆ ತೆಗೆದುಕೊಳ್ಳದೆ ಎಣಿಸಿದ ಸಂಖ್ಯೆಗಳು ತಲೆಕೆಳಗಾದ ತೀರ್ಮಾನ ಕೊಡುತ್ತವೆ.

ಕುರಿಯವರ ಲೆಕ್ಕ

ಡಿಂಗೊ ಇರುವ ನೆಲದಲ್ಲಿ ಕಾವಲಿಲ್ಲದೆ ಕುರಿ ಸಾಕುವುದು ಆಗದ ಮಾತು. ಡಿಂಗೊ ಒಂದು ಕುರಿ ತಿಂದು ಸುಮ್ಮನಾಗುವುದಿಲ್ಲ, ಒಂದೇ ರಾತ್ರಿ ಹಲವನ್ನು ಕಚ್ಚಿ ಬಿಟ್ಟುಹೋಗುತ್ತದೆ. ಗಾಯಗೊಂಡ ಕುರಿ ದಿನಗಟ್ಟಲೆ ನರಳಿ ಸಾಯುತ್ತದೆ. ಬೇಲಿ ಬೇಡ ಎನ್ನುವ ಲೇಖನಗಳು ಈ ಸಂಗತಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ, ಅದಕ್ಕೇ ಕುರಿ ಸಾಕುವವರು ಅವನ್ನು ಓದುವುದಿಲ್ಲ.

ದನದ ಲೆಕ್ಕ ಬೇರೆ. ಡಿಂಗೊ ಕರು ಹಿಡಿಯುತ್ತದೆ, ಆದರೆ ಕಾಂಗರೂ ತಗ್ಗಿಸಿ ಮೇವನ್ನೂ ಉಳಿಸುತ್ತದೆ. ಥಾಮಸ್ ಪ್ರೌಸ್ ಮತ್ತು ಸಂಗಡಿಗರು 2015ರಲ್ಲಿ ಮಾಡಿದ ಗಣಿತದ ಮಾದರಿಯ ಪ್ರಕಾರ, ದನದ ಸೀಮೆಯಲ್ಲಿ ವಿಷ ಹಾಕುವುದನ್ನು ನಿಲ್ಲಿಸಿದರೆ ಕರುಗಳ ನಷ್ಟ ಕಳೆದೂ ಮೇವಿನ ಲಾಭ ಮಿಗುತ್ತದೆ. ಇದು ಮಾದರಿ, ಜಮೀನಿನಲ್ಲಿ ಕಂಡ ಲೆಕ್ಕವಲ್ಲ. ಆದರೂ ಒಂದೇ ನೀತಿಯನ್ನು ಕುರಿಗೂ ದನಕ್ಕೂ ಅನ್ವಯಿಸುವುದು ತಪ್ಪೆಂದು ತೋರಿಸಲು ಸಾಕು. ಇನ್ನೊಂದು ಮಾತನ್ನೂ ಸಂಶೋಧಕರು ಎತ್ತಿದ್ದಾರೆ: ವಿಷದಿಂದ ಗುಂಪಿನ ಹಿರಿಯ ನಾಯಿಗಳು ಸತ್ತರೆ, ಕಾಂಗರೂ ಬೇಟೆ ಕಲಿಯದ ಎಳೆಯ ನಾಯಿಗಳು ಸುಲಭದ ಕರುವಿನ ಮೇಲೆ ಬೀಳುತ್ತವೆ.

2013ರ ನಂತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹೊಸ ಬಗೆಯ ಬೇಲಿ ಹಬ್ಬುತ್ತಿದೆ. ಅಕ್ಕಪಕ್ಕದ ಹಲವು ಜಮೀನುದಾರರು ಕೂಡಿ, ಸರ್ಕಾರದ ನೆರವು ಪಡೆದು, ತಮ್ಮೆಲ್ಲರ ಜಮೀನಿನ ಸುತ್ತ ಒಂದೇ ಬೇಲಿ ಹಾಕಿಕೊಳ್ಳುತ್ತಾರೆ. ಒಟ್ಟು ಉದ್ದ ಸಾವಿರಾರು ಕಿಲೋಮೀಟರ್ ಆಗಿದೆ. ಬೇಲಿ ಮುಗಿದ ಮೇಲೆ ಒಳಗಿನ ಡಿಂಗೊಗಳನ್ನು ವಿಷ, ಬೋನು, ಬಂದೂಕಿನಿಂದ ತೆಗೆಯುತ್ತಾರೆ. ಆಮೇಲೆ ಕಾಂಗರೂ ಸಮಸ್ಯೆ ಎದುರಾಗುತ್ತದೆ. ಒಳಗೆ ಸಿಕ್ಕಿಬಿದ್ದ ಕಾಂಗರೂವನ್ನು ತಗ್ಗಿಸದೆ ಕುರಿ ಹೆಚ್ಚಿಸಿದರೆ ಮೊದಲ ಬರದಲ್ಲೇ ನೆಲ ಬೋಳಾಗುತ್ತದೆ. ಡಿಂಗೊ ಮಾಡುತ್ತಿದ್ದ ಕೆಲಸ ಆಗ ಬಂದೂಕಿನದಾಗುತ್ತದೆ, ಅದರ ಖರ್ಚು ಪ್ರತಿ ವರ್ಷದ್ದು. ಬೇಲಿಯ ಲಾಭನಷ್ಟದ ಪಟ್ಟಿಗಳಲ್ಲಿ ತಂತಿ, ಕಂಬ, ಕೂಲಿ, ಉಳಿದ ಕುರಿಮರಿಗಳ ಬೆಲೆ ಇರುತ್ತವೆ. ಕಾಂಗರೂ ಬೇಟೆ, ನರಿಗೆ ವಿಷ, ಹಬ್ಬಿದ ಪೊದೆ ಸವರುವುದು ಇವೂ ಬೇಲಿಯದೇ ಖರ್ಚೆಂದು ಸೇರಿಸಿದ ಪಟ್ಟಿ ಅಪರೂಪ. ನಮ್ಮ ಎಣಿಕೆಯಲ್ಲಿ ಇಡೀ ಚರ್ಚೆಯ ದೊಡ್ಡ ಲೋಪ ಇದೇ.

ಉದ್ದದ ಒಂದೇ ಬೇಲಿಗಿಂತ ಈ ದ್ವೀಪದಂಥ ಬೇಲಿಗಳು ವನ್ಯಜೀವಿಗೆ ಕೆಡುಕು ಮಾಡುವ ಇನ್ನೊಂದು ಬಗೆ ಇದೆ. ಒಣನೆಲದ ಪ್ರಾಣಿ ಬದುಕುವುದೇ ಮಳೆ ಬಿದ್ದ ಕಡೆಗೆ ಹೋಗುವುದರಿಂದ. ಎಮು ನೂರಾರು ಕಿಲೋಮೀಟರ್ ನಡೆಯುತ್ತದೆ. ಹತ್ತಾರು ಸುತ್ತುಬೇಲಿಗಳ ನಡುವೆ ಅದಕ್ಕೆ ದಾರಿ ಉಳಿಯುವುದಿಲ್ಲ. ಕುರಿ ಉಳಿಸುವ ಬೇರೆ ದಾರಿ ಇಲ್ಲವೆಂದಲ್ಲ. ಮರೆಮ್ಮಾ ತಳಿಯ ಕಾವಲು ನಾಯಿಗಳನ್ನು ಮರಿಯಿಂದಲೇ ಕುರಿಗಳ ಜೊತೆ ಬೆಳೆಸಿ ಬಿಟ್ಟರೆ ಅವು ಡಿಂಗೊವನ್ನು ದೂರ ಇಡುತ್ತವೆ. ಕುರಿಯ ಸಂಖ್ಯೆಗೆ ತಕ್ಕಷ್ಟು ನಾಯಿ ಇಡದಿದ್ದರೆ, ಕುರಿ ತುಂಬ ಚದುರಿದ್ದರೆ ಈ ಉಪಾಯ ಸೋಲುತ್ತದೆ. ಪಕ್ಕದ ಜಮೀನಿನವರು ಇಟ್ಟ ವಿಷ ಕಾವಲು ನಾಯಿಯನ್ನೂ ಕೊಲ್ಲುತ್ತದೆ, ಆದ್ದರಿಂದ ನೆರೆಹೊರೆಯ ಒಪ್ಪಂದ ಮೊದಲು ಆಗಬೇಕು.

ಎಲ್ಲ ಬೇಟೆಗಾರರನ್ನೂ ಹೊರಗಿಟ್ಟರೆ

ಸಂರಕ್ಷಣೆಗೆಂದೇ ಹಾಕುವ ಬೇಲಿಗಳೂ ಇವೆ, ಅವು ಹೊರಗಿಡುವುದು ಮುಖ್ಯವಾಗಿ ನರಿ ಮತ್ತು ಬೆಕ್ಕನ್ನು. ಸೌತ್ ಆಸ್ಟ್ರೇಲಿಯಾದ ರಾಕ್ಸ್‌ಬಿ ಡೌನ್ಸ್ ಬಳಿ 1997ರಲ್ಲಿ ಶುರುವಾದ ಏರಿಡ್ ರಿಕವರಿ ಎಂಬ ಸಂರಕ್ಷಿತ ಪ್ರದೇಶ 123 ಚದರ ಕಿಲೋಮೀಟರ್ ವ್ಯಾಪ್ತಿಯದು. ಬೇಲಿ 180 ಸೆಂಟಿಮೀಟರ್ ಎತ್ತರ, ಮೇಲ್ತುದಿಯಲ್ಲಿ ಹೊರಕ್ಕೆ ಬಾಗಿದ ಸಡಿಲ ಜಾಲರಿ. ಬೆಕ್ಕು ಹತ್ತಿ ಆ ತುದಿ ಹಿಡಿದರೆ ಜಾಲರಿ ಜೋತುಬಿದ್ದು ಅದನ್ನು ಕೆಳಕ್ಕೆ ಕೆಡವುತ್ತದೆ. ಬುಡದಲ್ಲಿ ಹೊರಕ್ಕೆ ಚಾಚಿದ ಜಾಲರಿ ಅಗೆಯುವುದನ್ನು ತಡೆಯುತ್ತದೆ. ಮೊಲದ ಮರಿ ನುಸುಳದಿರಲು ಕೆಳಗಿನ ಜಾಲರಿಯ ಕಣ್ಣು 30 ಮಿಲಿಮೀಟರ್ ಇರಬೇಕು, ದೊಡ್ಡದಾದರೆ ನುಸುಳುತ್ತದೆ.

ಇಲ್ಲಿ ಸಿಕ್ಕ ಪಾಠ ಡಿಂಗೊ ಬೇಲಿಯ ಪಾಠವನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ. ಮುಖ್ಯಭೂಮಿಯಲ್ಲಿ ಅಳಿದುಹೋಗಿದ್ದ ಬಿಲವಾಸಿ ಬೆಟಾಂಗ್ ಎಂಬ ಸಣ್ಣ ಸಸ್ತನಿಗಳನ್ನು 1999ರಲ್ಲಿ ಒಳಗೆ ಬಿಟ್ಟರು. ಶುರುವಿನಲ್ಲಿ ಮೂವತ್ತು ಇದ್ದವು, ಮುಂದೆ ಸಾವಿರಗಟ್ಟಲೆ ಆದವು. ಕೊಲ್ಲುವವರಿಲ್ಲ, ಹೊರಹೋಗುವ ದಾರಿಯಿಲ್ಲ. ಅವು ಪೊದೆಗಳನ್ನು ಮೇಯ್ದು ಬೋಳು ಮಾಡಿ ಒಳಗಿನ ಬೇರೆ ಪ್ರಾಣಿಗಳ ಆಸರೆಗೇ ಕುತ್ತು ತಂದವು. ಒಳಗಿನಿಂದ ಹೊರಕ್ಕೆ ಮಾತ್ರ ತೆರೆಯುವ ಬಾಗಿಲುಗಳನ್ನು ಇಟ್ಟರು. 2018ರಲ್ಲಿ ದೇಶೀ ಬೇಟೆಗಾರನಾದ ಪಶ್ಚಿಮದ ಕ್ವೋಲ್ ಎಂಬ ಚುಕ್ಕೆ ಮೈಯ ಪ್ರಾಣಿಯನ್ನು ಒಳಗೆ ಬಿಟ್ಟರು. ಅಂದರೆ ಬೇಟೆಗಾರನನ್ನು ಹೊರಗಿಡಲು ಹಾಕಿದ ಬೇಲಿಯೊಳಗೆ ಬೇಟೆಗಾರನನ್ನು ತಂದು ಬಿಡಬೇಕಾಯಿತು. ಬೇಟೆಗಾರನನ್ನು ಕಾಣದೆ ತಲೆಮಾರು ಕಳೆದ ಪ್ರಾಣಿಗಳಿಗೆ ಭಯವೇ ಹೋಗಿಬಿಡುತ್ತದೆ, ಹೊರಗೆ ಬಿಟ್ಟರೆ ಬೆಕ್ಕಿನ ಎದುರು ಸುಮ್ಮನೆ ನಿಲ್ಲುತ್ತವೆ ಎಂಬುದು ಮತ್ತೊಂದು ತೊಡಕು. ಅದಕ್ಕಾಗಿ ಪ್ರತ್ಯೇಕ ಆವರಣದಲ್ಲಿ ಕೆಲವೇ ಬೆಕ್ಕುಗಳ ಜೊತೆ ಅವನ್ನಿಟ್ಟು ಎಚ್ಚರ ಕಲಿಸುವ ಪ್ರಯತ್ನ ನಡೆದಿದೆ. ಬೇಲಿಯೇ ಕೊಲ್ಲುವುದೂ ಉಂಟು. ಕ್ಯಾನ್‌ಬೆರಾದ ಮಲಿಗನ್ಸ್ ಫ್ಲ್ಯಾಟ್ ಅಭಯಾರಣ್ಯದಲ್ಲಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಉದ್ದ ಕತ್ತಿನ ಆಮೆಗಳು ಬೇಲಿಗುಂಟ ಸಾಯುವುದು ದಾಖಲಾಗಿದೆ.

ಡಿಂಗೊ ಯಾರು ಎಂಬ ಪ್ರಶ್ನೆ, ಮತ್ತು ಸ್ಟರ್ಟ್

ಡಿಂಗೊ ಆಸ್ಟ್ರೇಲಿಯಾಕ್ಕೆ ಬಂದು ಮೂರು ಸಾವಿರ ವರ್ಷಕ್ಕೂ ಮೇಲಾಯಿತು. ಕಾನೂನು ಮಾತ್ರ ಬಹುಕಡೆ ಅದನ್ನು ಊರುಬಿಟ್ಟ ನಾಯಿ, ಮಿಶ್ರತಳಿಗಳ ಜೊತೆ ಸೇರಿಸಿ ಕಾಡುನಾಯಿ ಎಂದು ಒಟ್ಟಾಗಿ ಕೊಲ್ಲಿಸುತ್ತದೆ. ಇದಕ್ಕೆ ಕೊಡುತ್ತಿದ್ದ ಸಮರ್ಥನೆ, ಶುದ್ಧ ಡಿಂಗೊ ಈಗ ಉಳಿದಿಲ್ಲ ಎಂಬುದು. ಕೈಲಿ ಕೇರ್ನ್ಸ್ ಮತ್ತು ಸಂಗಡಿಗರು 2021ರಲ್ಲಿ ಐದು ಸಾವಿರಕ್ಕೂ ಹೆಚ್ಚು ಮಾದರಿಗಳ ಡಿಎನ್‌ಎ ನೋಡಿದಾಗ ಊರುಬಿಟ್ಟ ಸಾಕುನಾಯಿಗಳ ಪಾಲು ಶೇಕಡಾ 1ಕ್ಕೂ ಕಡಿಮೆ ಇತ್ತು. ವಿಕ್ಟೋರಿಯಾ ಸರ್ಕಾರ 2024ರ ಮಾರ್ಚ್‌ನಲ್ಲಿ ರಾಜ್ಯದ ವಾಯವ್ಯ ಭಾಗದಲ್ಲಿ ಡಿಂಗೊ ಕೊಲ್ಲಲು ಇದ್ದ ವಿನಾಯಿತಿಯನ್ನು ನಿಲ್ಲಿಸಿತು. ಅಲ್ಲಿನ ಗುಂಪು ಕೆಲವೇ ಹತ್ತುಗಳ ಸಂಖ್ಯೆಗೆ ಇಳಿದಿತ್ತು. ಕುರಿ ಸಾಕುವವರ ವಿರೋಧ ಇನ್ನೂ ತಣಿದಿಲ್ಲ.

ಬೇಲಿಯ ಪ್ರಶ್ನೆಗೆ ನೇರ ಉತ್ತರ ಸಿಗುವ ಒಂದು ದಾರಿಯನ್ನು 2015ರಲ್ಲಿ ಥಾಮಸ್ ನ್ಯೂಸಮ್ ಮತ್ತು ಸಂಗಡಿಗರು ಮುಂದಿಟ್ಟರು: ಕ್ಯಾಮರಾನ್ ಕಾರ್ನರ್ ಪಕ್ಕದ ಸ್ಟರ್ಟ್ ರಾಷ್ಟ್ರೀಯ ಉದ್ಯಾನಕ್ಕೆ ಡಿಂಗೊವನ್ನು ಮರಳಿ ತರುವುದು. ಉದ್ಯಾನದ ವಿಸ್ತಾರ ಸುಮಾರು 3,250 ಚದರ ಕಿಲೋಮೀಟರ್. ಅದರ ಉತ್ತರ ಮತ್ತು ಪಶ್ಚಿಮ ಅಂಚಿನಲ್ಲಿ ಈಗಾಗಲೇ ಡಿಂಗೊ ಬೇಲಿ ಇದೆ. ಆಚೆ ಡಿಂಗೊ ಇವೆ, ಒಳಗೆ ಕುರಿ ಇಲ್ಲ. ಬೇಲಿಯನ್ನು ಉದ್ಯಾನದ ದಕ್ಷಿಣ ಮತ್ತು ಪೂರ್ವ ಗಡಿಗೆ ಸರಿಸಿದರೆ ಡಿಂಗೊ ತಾನಾಗಿ ಬರುತ್ತದೆ, ನೆರೆಯ ಕುರಿ ಜಮೀನು ಬೇಲಿಯ ಹಿಂದೆಯೇ ಉಳಿಯುತ್ತದೆ. ಮಣ್ಣು, ಮಳೆ, ನೀರು ಬದಲಾಗದೆ ಡಿಂಗೊ ಒಂದೇ ಬದಲಾಗುತ್ತದೆ. ಮಾಡುವುದಾದರೆ ಹೊಸ ಬೇಲಿ ಪೂರ್ತಿ ನಿಂತು, ಪಹರೆ ಶುರುವಾದ ಮೇಲೆ ಹಳೆಯದನ್ನು ತೆರೆಯಬೇಕು. ತೆರೆಯುವ ಮುಂಚೆ ಕನಿಷ್ಠ ಒಂದು ಬರ ಮತ್ತು ಒಂದು ಒಳ್ಳೆ ಮಳೆಯ ಎಣಿಕೆ ಕೈಯಲ್ಲಿರಬೇಕು. ಹೊಸ ಬೇಲಿ ದಾಟಿದ ನಾಯಿಯಿಂದ ಕುರಿ ಸತ್ತರೆ ಪರಿಹಾರ ಯಾರು, ಎಷ್ಟು ದಿನದಲ್ಲಿ ಕೊಡುತ್ತಾರೆ ಎಂಬುದು ಮೊದಲೇ ಬರಹದಲ್ಲಿ ಆಗಬೇಕು. ನೆರೆಯ ಜಮೀನುದಾರರು ಒಪ್ಪುವುದು, ಬಿಡುವುದು ನಿಂತಿರುವುದು ಬಹುಮಟ್ಟಿಗೆ ಈ ಕೊನೆಯ ಷರತ್ತಿನ ಮೇಲೆ.